ಮಿಕ್ಸಿ ಇತ್ಯರ್ಥ ಮಾಡದ ಪ್ರಶ್ನೆ

ವಂಶಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ವಸ್ತು ಡಿಎನ್‌ಎ ಎಂಬುದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, ವಿಜ್ಞಾನ ಓದಿದ ಹೆಚ್ಚಿನವರು ಹೇಳುವ ಕಥೆ ಒಂದೇ. 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್, ಕಾಯಿಸಿ ಕೊಂದ ನ್ಯುಮೋನಿಯಾ ಬ್ಯಾಕ್ಟೀರಿಯಗಳಿಂದ ಜೀವಂತವಾಗಿದ್ದ ನಿರುಪದ್ರವಿ ಬ್ಯಾಕ್ಟೀರಿಯಗಳಿಗೆ ಮಾರಕ ಗುಣ ದಾಟುವುದನ್ನು ಇಲಿಗಳಲ್ಲಿ ಕಂಡರು. 1944ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲಿಯೋಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿ ಹೀಗೆ ದಾಟುವ ವಸ್ತು ಡಿಎನ್‌ಎ ಎಂದು ತೋರಿಸಿದರು. ಪ್ರೋಟೀನಿನ ಮೋಹ ಬಿಡದ ವಿಜ್ಞಾನಲೋಕ ಅವರ ಮಾತಿಗೆ ಕಿವಿಗೊಡಲಿಲ್ಲ. 1952ರಲ್ಲಿ ಆಲ್‌ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಅಡುಗೆಮನೆಯ ಮಿಕ್ಸಿಯಂಥದೇ ಯಂತ್ರವೊಂದನ್ನು ಬಳಸಿ ಮಾಡಿದ ಪ್ರಯೋಗ ಸಂಶಯಕ್ಕೆ ಎಡೆಯಿಲ್ಲದಂತೆ ಪ್ರಶ್ನೆಯನ್ನು ಇತ್ಯರ್ಥ ಮಾಡಿತು. ಮರುವರ್ಷ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದರ ರಚನೆಯನ್ನು ಬಿಡಿಸಿದರು. ನಮ್ಮ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪಠ್ಯವೂ ಸಂದೇಹಾತೀತ ಪುರಾವೆಯ ಪಟ್ಟವನ್ನು ಹರ್ಷಿ–ಚೇಸ್ ಪ್ರಯೋಗಕ್ಕೇ ಕಟ್ಟುತ್ತದೆ.

ಈ ಕಥೆಯ ಇಸವಿಗಳು ಸರಿ, ಹೆಸರುಗಳು ಸರಿ, ಕೊನೆಯ ತೀರ್ಮಾನವೂ ಸರಿ. ತೊಡಕಿರುವುದು ಅದರೊಳಗಿನ ತರ್ಕದಲ್ಲಿ. ಒಂದು ಪ್ರಶ್ನೆ ತೆರೆದಿತ್ತು, ಒಂದು ಪ್ರಯೋಗ ನಡೆಯಿತು, ಪ್ರಶ್ನೆ ಮುಚ್ಚಿತು ಎಂದು ಕಥೆ ಹೇಳುತ್ತದೆ; ಅದಕ್ಕೆ ಮುಂಚೆ ಒಪ್ಪದಿದ್ದವರು ಪೂರ್ವಗ್ರಹಪೀಡಿತರು ಎಂದೂ ಸೂಚಿಸುತ್ತದೆ. ಈ ಎರಡು ಮಾತುಗಳೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಸಂಶಯಪಟ್ಟವರಿಗೆ ಒಳ್ಳೆಯ ಕಾರಣಗಳಿದ್ದವು. ಅವರ ಸಂಶಯವನ್ನು 1952ರ ಪ್ರಯೋಗ ಕಳೆಯಲಿಲ್ಲ, ಕಳೆಯುವ ಶಕ್ತಿಯೂ ಅದಕ್ಕಿರಲಿಲ್ಲ; ಶುದ್ಧತೆಯ ಲೆಕ್ಕದಲ್ಲಿ ಅದು 1944ರ ಪ್ರಯೋಗಕ್ಕಿಂತ ದುರ್ಬಲ. ಆದರೂ ಡಿಎನ್‌ಎಯೇ ವಂಶವಾಹಿ ಎಂಬ ನಂಬಿಕೆ ಆ ಹೊತ್ತಿಗೆ ನೆಲೆಗೊಳ್ಳುತ್ತಿತ್ತು ಎಂದಾದರೆ ಅದರ ಕಾರಣವನ್ನು ಬೇರೆಡೆ ಹುಡುಕಬೇಕು.

ಮೊದಲು ಪೂರ್ವಗ್ರಹದ ಆರೋಪ. ವರ್ಣತಂತುಗಳಲ್ಲಿ ಮುಖ್ಯವಾಗಿ ಇರುವುದು ಪ್ರೋಟೀನ್ ಮತ್ತು ಡಿಎನ್‌ಎ. ಪ್ರೋಟೀನು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರಪಣಿ. ಡಿಎನ್‌ಎಯಲ್ಲಿರುವುದು ನಾಲ್ಕೇ ಪ್ರತ್ಯಾಮ್ಲಗಳು. ಇಪ್ಪತ್ತಕ್ಕೆ ನಾಲ್ಕು ಸಾಟಿಯಲ್ಲ ಎಂಬುದೇ ಅಂದಿನ ವಾದವಾಗಿತ್ತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟೇ ಆಗಿದ್ದರೆ ಅದು ಪೊಳ್ಳು ವಾದ: ನಾಲ್ಕು ಬಗೆಯ ಘಟಕಗಳನ್ನು ಬರೀ ಹತ್ತು ಸ್ಥಾನಗಳಲ್ಲಿ ಇಷ್ಟಬಂದಂತೆ ಜೋಡಿಸಿದರೂ ಹತ್ತು ಲಕ್ಷಕ್ಕೂ ಹೆಚ್ಚು ಬೇರೆಬೇರೆ ಸರಣಿಗಳು ಸಿಗುತ್ತವೆ. ನಿಜವಾದ ಅಡ್ಡಿ ಇದ್ದದ್ದು ‘ಇಷ್ಟಬಂದಂತೆ’ ಎನ್ನುವಲ್ಲಿ. ಏವರಿಯವರದೇ ಸಂಸ್ಥೆಯಲ್ಲಿದ್ದ ಫೀಬಸ್ ಲೆವೀನ್ ನ್ಯೂಕ್ಲಿಯಿಕ್ ಆಮ್ಲಗಳ ರಸಾಯನಶಾಸ್ತ್ರದಲ್ಲಿ ಆ ಕಾಲದ ದೊಡ್ಡ ಹೆಸರು. ಡಿಎನ್‌ಎಯಲ್ಲಿನ ಸಕ್ಕರೆ ಯಾವುದೆಂದು 1929ರಲ್ಲಿ ಗುರುತಿಸಿದವರು ಅವರೇ. ನಾಲ್ಕು ಪ್ರತ್ಯಾಮ್ಲಗಳು ಸಮಪ್ರಮಾಣದಲ್ಲಿವೆ, ನಾಲ್ಕರದೊಂದು ಗೊಂಚಲೇ ಡಿಎನ್‌ಎಯ ಮೂಲ ಘಟಕ ಎಂಬುದು ಅವರ ಅಂದಾಜು. ಅಂದಿನ ವಿಶ್ಲೇಷಣಾ ವಿಧಾನಗಳ ನಿಖರತೆಗೆ ಸಿಕ್ಕ ಅಂಕಿಗಳು ಅದಕ್ಕೆ ವಿರುದ್ಧವಾಗಿ ಇರಲಿಲ್ಲ. ಎಲ್ಲ ಜೀವಿಗಳಲ್ಲೂ ಒಂದೇ ರೀತಿ ಪುನರಾವರ್ತನೆಯಾಗುವ ವಸ್ತುವೊಂದು ಆನೆಗೂ ಅಣಬೆಗೂ ಇರುವ ವ್ಯತ್ಯಾಸವನ್ನು ಹೊರಲಾರದು ಎಂಬುದು ಮೋಹವಲ್ಲ, ಸರಿಯಾದ ತರ್ಕ. ತಪ್ಪಿದ್ದದ್ದು ಅದರ ಆಧಾರವಾಕ್ಯದಲ್ಲಿ.

ಇದಕ್ಕಿಂತ ತೂಕದ ಕಾರಣ ಇನ್ನೊಂದಿತ್ತು. ನಮ್ಮ ಪಠ್ಯಗಳು ಅದನ್ನು ಹೇಳುವುದೇ ಇಲ್ಲ. ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ 1915ರ ನೊಬೆಲ್ ಪಡೆದ ಮಹಾ ರಸಾಯನಶಾಸ್ತ್ರಜ್ಞ. 1920ರ ದಶಕದಲ್ಲಿ ಅವರು ಕಿಣ್ವಗಳನ್ನು ಶುದ್ಧಗೊಳಿಸುತ್ತಾ ಹೋದಂತೆ, ಪ್ರೋಟೀನಿನ ಪರೀಕ್ಷೆಗಳಿಗೆ ಸಿಗದಷ್ಟು ತೆಳುವಾದ ದ್ರಾವಣದಲ್ಲೂ ಕಿಣ್ವದ ಕೆಲಸ ನಡೆದೇ ಇತ್ತು. ಆದ್ದರಿಂದ ಕಿಣ್ವ ಪ್ರೋಟೀನ್ ಅಲ್ಲ, ಪ್ರೋಟೀನು ಅದಕ್ಕೆ ಅಂಟಿಕೊಂಡ ವಾಹಕ ಮಾತ್ರ ಎಂದು ಅವರು ತೀರ್ಮಾನಿಸಿದರು. ತೀರ್ಮಾನ ತಪ್ಪಾಗಿತ್ತು. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸನ್ನು, 1930ರಲ್ಲಿ ಜಾನ್ ನಾರ್ತ್ರಾಪ್ ಪೆಪ್ಸಿನ್ನನ್ನು ಸ್ಫಟಿಕರೂಪದಲ್ಲಿ ಪಡೆದು ಕಿಣ್ವಗಳು ಪ್ರೋಟೀನುಗಳೇ ಎಂದು ತೋರಿಸಿದರು. ಪರೀಕ್ಷೆಗೆ ಸಿಗದಷ್ಟು ಕಡಿಮೆ ಪ್ರೋಟೀನು ಕೂಡ ಪೂರ್ಣ ಕೆಲಸ ಮಾಡಬಲ್ಲದು ಎಂಬ ಪಾಠವನ್ನು ಜೀವರಸಾಯನಶಾಸ್ತ್ರ ಕಲಿತದ್ದು ಹೀಗೆ, ಏವರಿಯವರ ಲೇಖನಕ್ಕೆ ಹದಿನೈದು ವರ್ಷಗಳಷ್ಟೇ ಮುಂಚೆ. ಹಾಗಾಗಿ 1944ರ ನಂತರ, ಅದೇ ಸಂಸ್ಥೆಯ ಆಲ್‌ಫ್ರೆಡ್ ಮರ್ಸ್ಕಿ ‘ನಿಮ್ಮ ಡಿಎನ್‌ಎಯಲ್ಲಿ ಶೇ. 1–2ರಷ್ಟು ಪ್ರೋಟೀನು ಕಣ್ಣಿಗೆ ಬೀಳದೆ ಉಳಿದಿರಬಹುದು’ ಎಂದು ಆಕ್ಷೇಪಿಸಿದಾಗ ಅದನ್ನು ಹಟಮಾರಿತನ ಎನ್ನುವಂತಿಲ್ಲ. ಪಾತ್ರೆಯಲ್ಲಿರುವುದು ಶೇ. 99ರಷ್ಟು ಹಾಲು ಎಂದು ಅಳೆದು ತೋರಿಸಿದ ಮಾತ್ರಕ್ಕೆ ಮೊಸರಾಗಲು ಹೆಪ್ಪು ಕಾರಣವಲ್ಲ ಎಂದಾಗುವುದಿಲ್ಲವಲ್ಲ.

ಇದೇ ತರ್ಕ ಡಿಎನ್‌ಎಯ ಬಂಧುವಿನ ವಿಷಯದಲ್ಲಿ ಅಕ್ಷರಶಃ ನಿಜವೂ ಆಯಿತು. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸನ್ನು ಸ್ಫಟಿಕವಾಗಿಸಿ, ಅದು ಪ್ರೋಟೀನ್ ಎಂದು ಸಾರಿದರು. ಅದರಲ್ಲಿ ಸ್ವಲ್ಪ ಆರ್‌ಎನ್‌ಎಯೂ ಇದೆ ಎಂದು ಇಂಗ್ಲೆಂಡಿನ ಬಾಡನ್ ಮತ್ತು ಪೀರಿ ಬೇಗನೆ ಕಂಡುಹಿಡಿದರು. ಕೊನೆಗೆ 1956ರ ಹೊತ್ತಿಗೆ, ಆ ‘ಸ್ವಲ್ಪ’ ಆರ್‌ಎನ್‌ಎಯೊಂದೇ ಎಲೆಗೆ ಸೋಂಕು ತಗುಲಿಸಿ ಹೊಸ ವೈರಸ್ಸುಗಳನ್ನು ಹುಟ್ಟಿಸಬಲ್ಲದು ಎಂದು ಜರ್ಮನಿಯ ಗೀರರ್ ಮತ್ತು ಶ್ರಾಮ್, ಅಮೆರಿಕದ ಫ್ರೆಂಕೆಲ್-ಕಾನ್ರಾಟ್ ತೋರಿಸಿದರು. ಅಲ್ಪಾಂಶವೇ ಕರ್ತೃವಾಗಿರಬಹುದು ಎಂಬ ಮರ್ಸ್ಕಿಯವರ ವಾದಸರಣಿ ಅಲ್ಲಿ ಗೆದ್ದಿತು. ಗೆದ್ದದ್ದು ಮಾತ್ರ ನ್ಯೂಕ್ಲಿಯಿಕ್ ಆಮ್ಲದ ಪರವಾಗಿ.

ಏವರಿ ತಂಡದ ಪುರಾವೆ ಎಷ್ಟು ಗಟ್ಟಿಯಾಗಿತ್ತು? ಅವರ ದ್ರವ್ಯ ಅರವತ್ತು ಕೋಟಿಯಲ್ಲಿ ಒಂದು ಪಾಲಿಗೆ ತೆಳುವಾದಾಗಲೂ ಬ್ಯಾಕ್ಟೀರಿಯವನ್ನು ಬದಲಿಸುತ್ತಿತ್ತು. ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಕಿಣ್ವಗಳು ಅದನ್ನು ಮುಟ್ಟಲಿಲ್ಲ. ಆರ್‌ಎನ್‌ಎಯನ್ನು ಒಡೆಯುವ ಕಿಣ್ವವೂ ಮುಟ್ಟಲಿಲ್ಲ. ಡಿಎನ್‌ಎಯನ್ನು ಒಡೆಯುವ ಸಾರಗಳು ಮಾತ್ರ ಅದರ ಶಕ್ತಿಯನ್ನು ಕಳೆದವು. ಸಾರಜನಕ ಮತ್ತು ರಂಜಕದ ಅನುಪಾತ ಡಿಎನ್‌ಎಗೆ ಹೊಂದಿತು. ಮುಂದಿನ ಕೆಲವು ವರ್ಷಗಳಲ್ಲಿ ರಾಲಿನ್ ಹಾಚ್‌ಕಿಸ್ ಪ್ರೋಟೀನಿನ ಕಲ್ಮಶವನ್ನು ಶೇ. 0.02ಕ್ಕಿಂತ ಕೆಳಗಿಳಿಸಿದರು. ಇಂಥ ಕೆಲಸವನ್ನು ಲೋಕ ಕಡೆಗಣಿಸಿತು ಎನ್ನುವುದೂ ಅತಿಶಯೋಕ್ತಿ. ಲಂಡನ್ನಿನ ರಾಯಲ್ ಸೊಸೈಟಿ 1945ರಲ್ಲೇ ಏವರಿಯವರಿಗೆ ಕಾಪ್ಲಿ ಪದಕ ಕೊಟ್ಟಿತು. ಎರ್ವಿನ್ ಶಾರ್ಗಾಫ್ ಆ ಲೇಖನ ಓದಿ ತಮ್ಮ ಪ್ರಯೋಗಾಲಯದ ದಿಕ್ಕನ್ನೇ ಬದಲಿಸಿದರು. ನೊಬೆಲ್ ಸಿಗಲಿಲ್ಲ ಎಂಬುದು ನಿಜ, ಅದು ನೊಬೆಲ್ ಸಮಿತಿಯ ಚರಿತ್ರೆಗೆ ಸೇರಿದ ಮಾತು. ತಡೆಯಾಗಿದ್ದದ್ದು ಕಲ್ಮಶದ ಆಕ್ಷೇಪ ಮಾತ್ರವೂ ಅಲ್ಲ. ಬದಲಾದದ್ದು ಒಂದು ಬ್ಯಾಕ್ಟೀರಿಯದ ಒಂದು ಗುಣ, ಅದರ ಹೊರಕವಚ. ಹಣ್ಣುನೊಣದಲ್ಲಿ ಇರುವಂಥ ವಂಶವಾಹಿಗಳು ಬ್ಯಾಕ್ಟೀರಿಯದಲ್ಲಿ ಇವೆಯೇ ಎಂಬುದೇ ಆಗ ಖಚಿತವಿರಲಿಲ್ಲ. ಬ್ಯಾಕ್ಟೀರಿಯಗಳಲ್ಲೂ ವಂಶಗುಣಗಳ ಮರುಜೋಡಣೆ ಉಂಟೆಂದು ಲೆಡರ್‌ಬರ್ಗ್ ಮತ್ತು ಟೇಟಮ್ ತೋರಿಸಿದ್ದು 1946ರಲ್ಲಿ. ಅದಕ್ಕೂ ಮುಂಚೆ ‘ಏವರಿ ವಂಶವಾಹಿಯ ದ್ರವ್ಯವನ್ನು ಕಂಡುಹಿಡಿದರು’ ಎನ್ನುವುದು ಪ್ರಯೋಗ ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳಿದಂತೆ. ಏವರಿಯವರೂ ಹಾಗೆ ಹೇಳಲಿಲ್ಲ.

ಈಗ ಮಿಕ್ಸಿಯ ಪ್ರಯೋಗಕ್ಕೆ ಬರೋಣ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಟಿ2 ಎಂಬ ವೈರಸ್ಸಿನಲ್ಲಿ ಇರುವುದು ಪ್ರೋಟೀನಿನ ಕವಚ, ಒಳಗೆ ಡಿಎನ್‌ಎ. ಪ್ರೋಟೀನಿನಲ್ಲಿ ಗಂಧಕವಿದೆ, ಡಿಎನ್‌ಎಯಲ್ಲಿಲ್ಲ; ಡಿಎನ್‌ಎಯಲ್ಲಿ ರಂಜಕವಿದೆ, ಈ ಪ್ರೋಟೀನಿನಲ್ಲಿ ಇಲ್ಲವೆನ್ನಬಹುದು. ವಿಕಿರಣಶೀಲ ಗಂಧಕ-35 ಮತ್ತು ರಂಜಕ-32 ಬಳಸಿ ಎರಡನ್ನೂ ಗುರುತು ಮಾಡಿ, ವೈರಸ್ಸುಗಳು ಬ್ಯಾಕ್ಟೀರಿಯಕ್ಕೆ ಅಂಟಿಕೊಂಡ ಮೇಲೆ ಮಿಶ್ರಣವನ್ನು ರಭಸದಿಂದ ತಿರುಗಿಸಿ ಕವಚಗಳನ್ನು ಕಳಚಿದರೆ, ಯಾವುದು ಒಳಹೊಕ್ಕಿದೆ, ಯಾವುದು ಹೊರಗುಳಿದಿದೆ ಎಂದು ತಿಳಿಯುತ್ತದೆ. ಯೋಜನೆ ಸೊಗಸಾಗಿದೆ. ಫಲಿತಾಂಶ ಪಠ್ಯಪುಸ್ತಕದ ಚಿತ್ರದಷ್ಟು ಸ್ವಚ್ಛವಾಗಿಲ್ಲ.

1. ಗಂಧಕದ ಶೇ. 75–80 ಭಾಗ ಮಾತ್ರ ಕಳಚಿತು. ಸುಮಾರು ಐದನೆಯ ಒಂದು ಪಾಲು ಬ್ಯಾಕ್ಟೀರಿಯಗಳ ಜೊತೆಗೇ ಉಳಿಯಿತು. ಏವರಿಯವರ ಮೇಲೆ ಶೇ. 1–2ರ ಶಂಕೆ ಹೊರಿಸಿದವರು ಇಲ್ಲಿ ಶೇ. 20ನ್ನು ಹೇಗೆ ಬಿಟ್ಟುಕೊಟ್ಟರು?

2. ರಂಜಕವೂ ಪೂರ್ತಿ ಒಳಗೆ ನಿಲ್ಲಲಿಲ್ಲ, ಶೇ. 21–35ರಷ್ಟು ಹೊರಗಿನ ದ್ರವದಲ್ಲಿ ಸಿಕ್ಕಿತು.

3. ಗಂಧಕದ ಗುರುತು ಕಾಣಿಸುವುದು ಗಂಧಕವಿರುವ ಪ್ರೋಟೀನನ್ನು ಮಾತ್ರ. ಗಂಧಕವಿಲ್ಲದ ಬೇರೆ ವಸ್ತು ಒಳಹೊಕ್ಕರೆ ಈ ವಿಧಾನಕ್ಕೆ ಅದು ಅಗೋಚರ. ಡಿಎನ್‌ಎ ಬಿಟ್ಟು ಗಂಧಕರಹಿತವಾದ ಬೇರೇನಾದರೂ ಒಳಗೆ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವೆಂದು ಹರ್ಷಿ ಮತ್ತು ಚೇಸ್ ತಮ್ಮ ಲೇಖನದಲ್ಲೇ ಬರೆದಿದ್ದಾರೆ.

ನ್ಯಾಯವಾಗಿ ಹೇಳುವುದಾದರೆ ಅವರ ಕೈಯಲ್ಲಿ ಇನ್ನೂ ಗಟ್ಟಿಯಾದ ಒಂದು ಅಂಕಿ ಇತ್ತು: ಹುಟ್ಟಿದ ಮರಿ ವೈರಸ್ಸುಗಳಲ್ಲಿ ತಾಯಿ ವೈರಸ್ಸಿನ ರಂಜಕ ಶೇ. 30ರಷ್ಟು ಕಂಡುಬಂದರೆ ಗಂಧಕ ಶೇ. 1ಕ್ಕಿಂತ ಕಡಿಮೆ. ಆದರೆ ವಸ್ತು ಮುಂದಿನ ಪೀಳಿಗೆಗೆ ದಾಟುವುದು ಬೇರೆ, ಆ ವಸ್ತುವೇ ಗುಣವನ್ನು ನಿರ್ಧರಿಸುವುದು ಬೇರೆ. ಒಡೆದ ಡಿಎನ್‌ಎಯ ರಂಜಕ ಕಚ್ಚಾವಸ್ತುವಾಗಿ ಮರುಬಳಕೆಯಾಗಿದ್ದರೂ ಮರಿಗಳಲ್ಲಿ ಕಾಣಿಸುತ್ತಿತ್ತು. ಲೇಖಕರು ಇದನ್ನು ಬಲ್ಲವರಾಗಿದ್ದರು. ವೈರಸ್ಸು ಒಳಗೆ ಬೆಳೆಯುವುದರಲ್ಲಿ ಪ್ರೋಟೀನಿಗೆ ಪಾತ್ರವಿಲ್ಲದಿರಬಹುದು, ಡಿಎನ್‌ಎಗೆ ಏನೋ ಪಾತ್ರವಿದೆ ಎನ್ನುವಲ್ಲಿಗೆ ಅವರು ನಿಂತರು. ಅಷ್ಟೇ ಅಲ್ಲ, ಮರುವರ್ಷ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಸಮ್ಮೇಳನದಲ್ಲಿ ಹರ್ಷಿಯವರೇ, ಆನುವಂಶಿಕ ವೈಶಿಷ್ಟ್ಯವನ್ನು ಡಿಎನ್‌ಎಯೊಂದೇ ನಿರ್ಧರಿಸುತ್ತದೆ ಎಂದು ಕೊನೆಗೆ ಸಿದ್ಧವಾಗಲಾರದು ಎಂಬುದು ತಮ್ಮ ಊಹೆ ಎಂದರು. ಪ್ರಯೋಗ ಮಾಡಿದವರೇ ಒಪ್ಪದ ತೀರ್ಪನ್ನು ಪ್ರಯೋಗದ ಹೆಸರಲ್ಲಿ ಘೋಷಿಸುತ್ತಿರುವವರು ನಾವು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಬೇರೆ ಜೀವಿ, ಬೇರೆ ವಿಧಾನ, ಬೇರೆ ತಂಡ. ಆದರೂ ಫಲಿತಾಂಶ ಅದೇ ಕಡೆಗೆ ಬೆರಳು ತೋರಿದೆ. ಏವರಿಯವರ ದೋಷ ಕಲ್ಮಶವಾದರೆ ಹರ್ಷಿಯವರ ದೋಷ ಅಪೂರ್ಣ ಬೇರ್ಪಡಿಕೆ. ಎರಡು ಪ್ರಯೋಗಗಳೂ ಒಂದೇ ಬಗೆಯಲ್ಲಿ ತಪ್ಪಿರುವ ಸಾಧ್ಯತೆ ಕಡಿಮೆ. ಆದ್ದರಿಂದ ಅದಕ್ಕೆ ತೂಕವಿಲ್ಲವೇ? ಇದೆ, ಬೇಕಾದಷ್ಟಿದೆ. ಆದರೆ ಆಕ್ಷೇಪಿಸುವವರು ಈಗ ನಿರ್ಣಾಯಕ ಪ್ರಯೋಗದ ವಾದವನ್ನು ಬಿಟ್ಟು ಸಾಕ್ಷ್ಯಗಳ ಕೂಡಿಕೆಯ ವಾದಕ್ಕೆ ಬಂದಿದ್ದಾರೆ, ಮತ್ತು ಕೂಡಿಕೆಯ ಲೆಕ್ಕ ಹಾಕಲು ಕೂತರೆ ಪಟ್ಟಿಯಲ್ಲಿ ಎರಡೇ ಪ್ರಯೋಗಗಳು ಉಳಿಯುವುದಿಲ್ಲ. ಒಂದು ಪ್ರಾಣಿಯ ಬೇರೆಬೇರೆ ಅಂಗಗಳ ಜೀವಕೋಶಗಳಲ್ಲಿ ಡಿಎನ್‌ಎಯ ಮೊತ್ತ ಒಂದೇ, ವೀರ್ಯಾಣುವಿನಲ್ಲಿ ಮಾತ್ರ ಅದರ ಅರ್ಧ ಎಂದು ಫ್ರಾನ್ಸಿನ ಬ್ವಾವಾಂ ಮತ್ತು ವಾಂಡ್ರೆಲಿ 1948ರಲ್ಲಿ ಅಳೆದು ತೋರಿಸಿದ್ದರು. ತಂದೆ ತಾಯಿಗಳಿಂದ ಅರ್ಧರ್ಧ ಬರಬೇಕಾದ ವಸ್ತು ಹೇಗಿರಬೇಕೋ ಹಾಗೆ. ವಂಶವಾಹಿಗಳನ್ನು ಕೆಡಿಸುವುದರಲ್ಲಿ ಅತಿ ಪರಿಣಾಮಕಾರಿಯಾದ ನೇರಳಾತೀತ ಕಿರಣಗಳು ನ್ಯೂಕ್ಲಿಯಿಕ್ ಆಮ್ಲ ಹೆಚ್ಚು ಹೀರುವ ಕಿರಣಗಳೇ ಎಂಬುದಂತೂ ಏವರಿಯವರಿಗಿಂತ ಮುಂಚೆಯೇ ತಿಳಿದಿತ್ತು.

ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಶಾರ್ಗಾಫ್. ವಂಶವಾಹಿ ಯಾವುದು ಎಂಬ ಪ್ರಶ್ನೆಯನ್ನು ಅವರ ವಿಶ್ಲೇಷಣೆ ಮುಟ್ಟುವುದೇ ಇಲ್ಲ ಎಂಬುದು ಸೋಜಿಗ. ಕಾಗದದ ಕ್ರೊಮ್ಯಾಟೋಗ್ರಫಿಯಿಂದ ನಾಲ್ಕು ಪ್ರತ್ಯಾಮ್ಲಗಳನ್ನು ಬೇರ್ಪಡಿಸಿ ಅವರು ಒಂದೊಂದನ್ನೂ ಅಳೆದರು. ಸಮಪ್ರಮಾಣ ಎಲ್ಲೂ ಸಿಗಲಿಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಅಡಿನೀನ್ ಸುಮಾರು ಶೇ. 30, ಕ್ಷಯದ ಬ್ಯಾಕ್ಟೀರಿಯದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಜೀವಿಯಿಂದ ಜೀವಿಗೆ ಅನುಪಾತ ಬದಲಾಗುತ್ತದೆ, ಒಂದೇ ಜೀವಿಯ ಬೇರೆ ಅಂಗಗಳಲ್ಲಿ ಬದಲಾಗುವುದಿಲ್ಲ. ಲೆವೀನರ ಗೊಂಚಲು ಅಲ್ಲಿಗೆ ಕುಸಿಯಿತು. ಡಿಎನ್‌ಎ ವಂಶವಾಹಿ ಎಂದು ಇದು ಸಾಧಿಸಲಿಲ್ಲ. ಆಗಿರಲು ಸಾಧ್ಯವಿಲ್ಲ ಎಂಬ ತಡೆಯನ್ನು ತೆಗೆಯಿತು. 1944ರಲ್ಲಿ ಏವರಿಯವರ ಪುರಾವೆಯನ್ನು ತೂಗಿದವರು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಈ ಅಸಾಧ್ಯತೆಯನ್ನು ಇಟ್ಟುಕೊಂಡಿದ್ದರು. 1952ರಲ್ಲಿ ಹರ್ಷಿಯವರ ಪುರಾವೆಯನ್ನು ತೂಗಿದವರ ಬಳಿ ಅದು ಇರಲಿಲ್ಲ. ಒಳ್ಳೆಯ ಪುರಾವೆ ಸೋತು, ಅದಕ್ಕಿಂತ ಸಡಿಲವಾದದ್ದು ಗೆದ್ದ ವಿಚಿತ್ರಕ್ಕೆ ನನಗೆ ಕಾಣುವ ಮುಖ್ಯ ವಿವರಣೆ ಇದು. ಡೆಲ್‌ಬ್ರುಕ್ ಮತ್ತು ಲೂರಿಯಾರ ಸುತ್ತ ನೆರೆದಿದ್ದ, ಟಿ2ನಂಥ ವೈರಸ್ಸುಗಳನ್ನು ಅಭ್ಯಸಿಸುತ್ತಿದ್ದ ‘ಫೇಜ್ ಗುಂಪಿನ’ ಪ್ರಭಾವ, ಹರ್ಷಿ ಅದರೊಳಗಿನವರಾಗಿದ್ದು ಏವರಿ ಹೊರಗಿನವರಾಗಿದ್ದದ್ದು ಎಂಬ ಸಾಮಾಜಿಕ ವಿವರಣೆಯೂ ಉಂಟು. ಸುದ್ದಿ ಎಷ್ಟು ಬೇಗ ಹಬ್ಬಿತು ಎಂಬುದನ್ನು ಅದು ವಿವರಿಸೀತು. ಸುದ್ದಿಯನ್ನು ನಂಬುವುದು ಯಾಕೆ ಸಮಂಜಸವಾಯಿತು ಎಂಬುದನ್ನು ವಿವರಿಸುವುದಿಲ್ಲ.

ಇನ್ನು ರಚನೆ. 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್–ಕ್ರಿಕ್‌ರ ಮಾದರಿ, ಅದರ ಬೆನ್ನಿಗೆ ಕಿಂಗ್ಸ್ ಕಾಲೇಜಿನ ವಿಲ್ಕಿನ್ಸ್ ತಂಡದ್ದೂ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್‌ರದ್ದೂ ಎಕ್ಸ್‌ರೇ ಲೇಖನಗಳು ಬಂದವು. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ, ಅಡಿನೀನಿಗೆ ಥೈಮೀನ್, ಗ್ವಾನೀನಿಗೆ ಸೈಟೋಸೀನ್ ಜೋಡಿ, 0.34 ನ್ಯಾನೋಮೀಟರಿಗೊಂದು ಜೋಡಿ, ಸುತ್ತಿಗೆ ಹತ್ತು. ಈ ಲೇಖನಗಳಲ್ಲಿ ಡಿಎನ್‌ಎ ವಂಶವಾಹಿ ಎಂದು ಪರೀಕ್ಷಿಸುವ ಒಂದು ಪ್ರಯೋಗವೂ ಇಲ್ಲ. ಆದರೂ ಅವುಗಳನ್ನು ಓದಿದ ಮೇಲೆ ಸಂಶಯಕ್ಕೆ ಮೊದಲಿನ ಬಲ ಉಳಿಯಲಿಲ್ಲ. ಜೋಡಿಯ ನಿಯಮ ಕಟ್ಟುನಿಟ್ಟು, ಜೋಡಿಗಳ ಸಾಲು ಮಾತ್ರ ಮುಕ್ತ. ಹಾಗಾಗಿ ಯಾವ ಸಂದೇಶವನ್ನಾದರೂ ಬರೆಯಬಹುದು, ಬರೆದದ್ದನ್ನು ಒಂದು ಎಳೆ ನೋಡಿ ಇನ್ನೊಂದನ್ನು ಕಟ್ಟಿ ನಕಲಿಸಬಹುದು. ವಂಶವಾಹಿಯಿಂದ ಬೇಡುವ ಎರಡು ಗುಣಗಳೂ ಒಂದೇ ರಚನೆಯಲ್ಲಿ ಸಿಕ್ಕವು. ಪ್ರೋಟೀನು ತನ್ನನ್ನು ತಾನು ಹೇಗೆ ನಕಲಿಸಿಕೊಳ್ಳುತ್ತದೆ ಎಂದು ಹೇಳಬಲ್ಲವರು ಆಗಲೂ ಯಾರೂ ಇರಲಿಲ್ಲ.

ಆಗ ಇನ್ನೊಂದು ಆಕ್ಷೇಪ, ಇದು ಹೆಚ್ಚು ಹರಿತವಾದದ್ದು. ಅಂದವಾಗಿ ಹೊಂದುವುದು ಪುರಾವೆಯೇ? ಕ್ರಿಕ್ ಮತ್ತು ಸಂಗಡಿಗರು 1957ರಲ್ಲಿ ಮುಂದಿಟ್ಟ ಅಲ್ಪವಿರಾಮರಹಿತ ಸಂಕೇತದ ಸಿದ್ಧಾಂತ ನಾಲ್ಕು ಅಕ್ಷರಗಳ ತ್ರಿವಳಿಗಳಿಂದ ಸರಿಯಾಗಿ ಇಪ್ಪತ್ತನ್ನೇ ಹೆಕ್ಕಿ ಕೊಡುತ್ತಿತ್ತು, ಅಮೈನೋ ಆಮ್ಲಗಳಿಗೆ ತಕ್ಕಷ್ಟು. ಅದಕ್ಕಿಂತ ಚೆಲುವಾದ ಊಹೆ ಜೀವಶಾಸ್ತ್ರದಲ್ಲಿ ವಿರಳ. 1961ರಲ್ಲಿ ನೀರೆನ್‌ಬರ್ಗ್ ಮತ್ತು ಮಥ್ಥಾಯ್ ಆ ಸಿದ್ಧಾಂತ ನಿಷೇಧಿಸಿದ ತ್ರಿವಳಿಯೊಂದಕ್ಕೇ ಅರ್ಥವಿದೆ ಎಂದು ತೋರಿಸಿ ಅದನ್ನು ಮುಗಿಸಿದರು. ಆಕ್ಷೇಪವನ್ನು ಒಪ್ಪುತ್ತೇನೆ: ಅಂದ ಪುರಾವೆಯಲ್ಲ. ಜೋಡಿ ಸುರುಳಿಯಾದರೂ 1953ರ ಎಕ್ಸ್‌ರೇ ಚಿತ್ರಗಳಿಂದ ಖಚಿತವಾಗಿ ಹೊಮ್ಮಿದ್ದಲ್ಲ. ಇದಕ್ಕೆ ಬೆಂಗಳೂರೇ ಸಾಕ್ಷಿ. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಸಂಗಡಿಗರು, ಎಳೆಗಳು ಒಂದಷ್ಟು ದೂರ ಬಲಕ್ಕೆ, ಒಂದಷ್ಟು ದೂರ ಎಡಕ್ಕೆ ತಿರುಗುತ್ತಾ ಪಕ್ಕಪಕ್ಕದಲ್ಲಿ ಸಾಗುವ ಬೇರೆ ಮಾದರಿಯನ್ನು ಮಂಡಿಸಿದರು. ನ್ಯೂಜಿಲೆಂಡಿನಿಂದಲೂ ಅಂಥದೇ ಮಾದರಿ ಬಂತು. ಎಳೆಗಳು ಹೆಣೆದುಕೊಂಡಿಲ್ಲವಾದರೆ ನಕಲಾಗುವಾಗ ಬಿಚ್ಚಿಕೊಳ್ಳುವುದು ಸುಲಭ ಎಂಬುದು ಅದರ ಆಕರ್ಷಣೆ. ನಾರಿನಂಥ ಡಿಎನ್‌ಎಯ ಎಕ್ಸ್‌ರೇ ಮಾಹಿತಿಯೊಂದನ್ನೇ ನೆಚ್ಚಿ ಆ ಮಾದರಿಯನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ವರ್ತುಲಾಕಾರದ ಡಿಎನ್‌ಎಯಲ್ಲಿ ಎಳೆಗಳು ಎಷ್ಟು ಬಾರಿ ಹೆಣೆದುಕೊಂಡಿವೆ ಎಂಬ ಎಣಿಕೆಯನ್ನು ಮುಂದಿಟ್ಟು 1979ರಲ್ಲಿ ಕ್ರಿಕ್, ವಾಂಗ್ ಮತ್ತು ಬಾವರ್ ಉತ್ತರ ಕೊಡಬೇಕಾಯಿತು. ಬೆಂಗಳೂರಿನ ಮಾದರಿ ಸೋತಿತು. ಆದರೆ ಸುರುಳಿ ಕೂಡ ಬಗೆಬಗೆಯ ಪರೀಕ್ಷೆಗಳನ್ನು ದಾಟುತ್ತಾ ಹೋಗಿಯೇ ಗಟ್ಟಿಯಾದದ್ದು ಎಂಬುದನ್ನು ಆ ವಿವಾದದಷ್ಟು ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ.

ಸುರುಳಿಗೂ ಅಲ್ಪವಿರಾಮರಹಿತ ಸಂಕೇತಕ್ಕೂ ಇರುವ ವ್ಯತ್ಯಾಸವೂ ಇದೇ: ಒಂದು ಪರೀಕ್ಷೆಗೆ ನಿಂತು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ರಚನೆ ಹೇಳುವಂತೆ ನಕಲು ನಡೆಯುವುದಾದರೆ ಹೊಸ ಅಣುವಿನಲ್ಲಿ ಒಂದು ಎಳೆ ಹಳೆಯದು, ಒಂದು ಹೊಸದು ಇರಬೇಕು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಭಾರದ ಸಾರಜನಕ ಬಳಸಿ ಹಾಗೆಯೇ ಇದೆ ಎಂದು ತೋರಿಸಿದರು. ಪ್ರೋಟೀನಿನ ಕಲ್ಮಶ ಎಂಬ ಕೊನೆಯ ಶಂಕೆಗೆ ನೇರ ಉತ್ತರ ಬರಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. 1976ರಲ್ಲಿ ಹರ್ ಗೋಬಿಂದ್ ಖೊರಾನಾರ ತಂಡ ರಾಸಾಯನಿಕವಾಗಿ ತುಣುಕು ತುಣುಕಾಗಿ ಕಟ್ಟಿ ಕಿಣ್ವದಿಂದ ಬೆಸೆದ ವಂಶವಾಹಿಯೊಂದು ಬ್ಯಾಕ್ಟೀರಿಯದೊಳಗೆ ಕೆಲಸ ಮಾಡಿತು. ಅಷ್ಟು ಹೊತ್ತಿಗೆ ಆ ಉತ್ತರಕ್ಕಾಗಿ ಯಾರೂ ಕಾಯುತ್ತಿರಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ.

ಹದಿನೇಳು ವರ್ಷದ ವಿದ್ಯಾರ್ಥಿಗೆ ಇಷ್ಟೆಲ್ಲ ಬೇಕೇ, ಸರಳಗೊಳಿಸದೆ ಪಾಠ ಹೇಳಲಾದೀತೇ ಎಂದು ಕೇಳುವವರಿದ್ದಾರೆ. ಸರಳಗೊಳಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಶೇ. 20 ಎಂಬ ಒಂದು ಅಂಕಿಯನ್ನು ಚಿತ್ರದ ಪಕ್ಕದಲ್ಲಿ ಅಚ್ಚು ಹಾಕಿ ‘ಇದರಿಂದ ಏನು ಸಾಬೀತಾಗುತ್ತದೆ, ಏನು ಆಗುವುದಿಲ್ಲ’ ಎಂದು ಕೇಳುವುದು ಕಷ್ಟದ ಪಾಠವೇನಲ್ಲ. ಈಗಿನ ಪಾಠ ಕೈಬಿಟ್ಟಿರುವುದು ವಿವರವನ್ನಲ್ಲ, ವಿಚಾರ ಮಾಡುವ ಭಾಗವನ್ನೇ. ಹಾಗಾದರೆ ಡಿಎನ್‌ಎಯೇ ವಂಶವಾಹಿ ಎಂದು ತಿಳಿದದ್ದು ಯಾವಾಗ? ಒಂದು ಇಸವಿಯನ್ನೇ ಹೇಳಬೇಕೆಂದರೆ, ಸಂಶಯ ಯಾವಾಗ ಅಸಮಂಜಸವಾಯಿತು ಎಂದು ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳಬೇಕಾಗುತ್ತದೆ. 1944ರಲ್ಲಿ ಸಂಶಯಪಟ್ಟವರು ಸರಿಯಾಗಿಯೇ ನಡೆದುಕೊಂಡರು. ಶಾರ್ಗಾಫರ ಅಂಕಿಗಳು ಬಂದ 1950ರ ನಂತರ ಅವರು ತಮ್ಮ ಕಾರಣಗಳನ್ನು ಮತ್ತೆ ಎಣಿಸಿ ನೋಡಬೇಕಿತ್ತು. 1953ರಲ್ಲಿ ಹರ್ಷಿ ಅನುಮಾನಿಸಿದ್ದನ್ನು ಕ್ಷಮಿಸಬಹುದು. 1958ರ ನಂತರ ಅದೇ ಮಾತನ್ನು ಯಾರಾದರೂ ಆಡಿದ್ದರೆ ಅದು ಬರೀ ಹಟ.